ಊಟದ ಖಾರ ಕದ್ದ ತಿರುಗಣಿ ಕಪಾಟಿಗೆ

ಮಸಾಲೆ ಸಾಮಾನುಗಳ ಪೂರ್ವಾಶ್ರಮವನ್ನು ತೊರೆದು ಈಗ ನಮ್ಮಣ್ಣನ ಮಂಚದ ಪಕ್ಕದಲ್ಲಿ ವಿರಾಜಮಾನರಾಗಿರುವ ಮಾನ್ಯ ತಿರುಗಣಿ ಕಪಾಟಿನವರೇ,

ತಮ್ಮ ನಾಲ್ಕೂ ಅಂಕಣಗಳಿಗೆ, ನಡುಗಂಬಕ್ಕೆ ಹಾಗೂ ಎಷ್ಟು ಎಣ್ಣೆ ಕುಡಿದರೂ ತೃಪ್ತಿಯಾಗದ ತಳದ ಬೇರಿಂಗಿಗೆ ನನ್ನ ಸವಿನಯ ನಮಸ್ಕಾರಗಳು. ತಮ್ಮನ್ನು ಕಾಗದದ ಮೇಲೆ ಗೀಚಿ, ಮರದಲ್ಲಿ ಮೂಡಿಸಿ, ಹೊಳಪು ಬಳಿದು ಮೆರೆಸಿದವನೇ ಹೀಗೆ ತಮ್ಮ ಮೇಲೆ ದೂರು ಬರೆಯುವುದು ಸಭ್ಯತೆಯಲ್ಲವೆಂದು ನಾನು ಬಲ್ಲೆ. ಆದರೆ ಖಾಸಗಿಯಾಗಿ ತೋಡಿಕೊಳ್ಳೋಣವೆಂದರೆ ತಾವು ಕಿರ್ ಎನ್ನುವುದರ ಹೊರತು ಬೇರೆ ಉತ್ತರ ಕೊಡುವವರಲ್ಲ. ಮನೆಯವರ ಮುಂದೆ ತೋಡಿಕೊಳ್ಳೋಣವೆಂದರೆ ಅವರೆಲ್ಲರೂ ಒಬ್ಬರೂ ಬಿಡದೆ ತಮ್ಮ ಪಕ್ಷ ವಹಿಸಿದ್ದಾರೆ. ಆದ್ದರಿಂದ ಅನ್ಯಮಾರ್ಗವಿಲ್ಲದೆ ಈ ಬಹಿರಂಗ ಪತ್ರಕ್ಕೆ ಕೈಹಾಕಿದ್ದೇನೆ.

ತಮ್ಮ ಜನನಕ್ಕೆ ಕಾರಣವಾದ ಸಂಗತಿಗಳು ತಮಗೆ ತಿಳಿದಿರಲಾರವು, ಏಕೆಂದರೆ ಆಗ ತಾವು ಇನ್ನೂ ಯಾವುದೋ ಕಾಡಿನಲ್ಲಿ ನೆಮ್ಮದಿಯಾಗಿ ಮರವಾಗಿದ್ದಿರಿ. ನಾನು ದೊಡ್ಡ ಕಟ್ಟಡಗಳ ಮುಂಭಾಗಕ್ಕೆ ಗಾಜಿನ ತಿರುಗುಬಾಗಿಲು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವವನು. ಒಳಗಿನ ತಂಪು ಹೊರಗೆ ಹೋಗದಂತೆ, ಹೊರಗಿನ ಧೂಳು ಒಳಗೆ ಬಾರದಂತೆ, ಮನುಷ್ಯರು ಮಾತ್ರ ಹೋಗಿ ಬರುವಂತೆ ಮಾಡುವ ಆ ವಿದ್ಯೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ಮೇಲೆ, ಲೋಕದ ಯಾವ ಸಮಸ್ಯೆ ಕಂಡರೂ ಅದರ ನಡುವೆ ಒಂದು ಕಂಬ ನೆಟ್ಟು ಸುತ್ತ ತಿರುಗಿಸಿಬಿಟ್ಟರೆ ಸರಿಹೋಗುತ್ತದೆ ಎಂಬ ಕಾಯಿಲೆ ನನಗೆ ಅಂಟಿಕೊಂಡಿತು. ನಮ್ಮ ಮನೆಯ ಚಪ್ಪಲಿಗೂಡು ತಿರುಗುತ್ತಿತ್ತು. ಬಟ್ಟೆ ಒಣಹಾಕುವ ಕಂಬ ತಿರುಗುತ್ತಿತ್ತು, ಮತ್ತು ಗಾಳಿ ಬಂದಾಗಲೆಲ್ಲ ಒದ್ದೆ ಟವೆಲ್ಲುಗಳಿಂದ ಬಂದವರ ಕೆನ್ನೆಗೆ ಬಾರಿಸುತ್ತಿತ್ತು. ಬಂಧುಗಳು ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದ್ದಕ್ಕೆ ನಾನು ಅವರ ಅಸೂಯೆಯೇ ಕಾರಣವೆಂದು ತಿಳಿದಿದ್ದೆ.

ಆ ಮನೆಯಲ್ಲಿ ನನ್ನಣ್ಣ ಮತ್ತು ಅತ್ತಿಗೆ, ನಾನು ಮತ್ತು ನನ್ನ ಹೆಂಡತಿ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದೆವು. ಅಣ್ಣ ಹೆಡ್‌ಮಾಸ್ಟರು, ಮನೆಯಲ್ಲೂ ಹಾಗೆಯೇ ಇರುತ್ತಾನೆ. ಒಂದು ದಿನ ಅಡುಗೆಮನೆಯ ಏಕಮಾತ್ರ ಹಲಗೆಯ ಮೇಲೆ ಯಾರ ಡಬ್ಬಿ ಮುಂದಿರಬೇಕು, ಯಾರದು ಹಿಂದಿರಬೇಕು ಎಂಬ ವಿಷಯದಲ್ಲಿ ಅತ್ತಿಗೆಗೂ ನನ್ನ ಹೆಂಡತಿಗೂ ಸಾಸಿವೆ ಕಾಳಿನಷ್ಟು ಮಾತಾಯಿತು. ಅವರಷ್ಟಕ್ಕೆ ಬಿಟ್ಟಿದ್ದರೆ ಸಂಜೆಯ ಹೊತ್ತಿಗೆ ಒಬ್ಬರು ಮುಖ ಗಂಟಿಕ್ಕಿಕೊಂಡು ಕಾಫಿ ಮಾಡಿ, ಇನ್ನೊಬ್ಬರು ಮುಖ ಗಂಟಿಕ್ಕಿಕೊಂಡು ಅದನ್ನು ಕುಡಿದು, ಎಲ್ಲವೂ ಮುಗಿದುಹೋಗುತ್ತಿತ್ತು. ಆದರೆ ದುರದೃಷ್ಟವಶಾತ್ ಅಂದು ನಾವಿಬ್ಬರು ಗಂಡಸರೂ ಮನೆಯಲ್ಲಿದ್ದೆವು. ನ್ಯಾಯ ಹೇಳಲು ಕುಳಿತೆವು. ಅಣ್ಣ ಹಿರಿತನದ ಬಗ್ಗೆ ಮಾತಾಡಿದ, ನಾನು ಹಲಗೆಯ ಅಗಲದ ಬಗ್ಗೆ ಮಾತಾಡಿದೆ. ಹೆಂಗಸರಿಬ್ಬರೂ ಸುಮ್ಮನಾದ ಮೇಲೂ ನಾವು ನಿಲ್ಲಿಸಲಿಲ್ಲ. ಕೊನೆಗೆ ಅಣ್ಣ, "ನಡುವೆ ಗೋಡೆ ಹಾಕಿಸಿಬಿಡೋಣ, ನಿನ್ನ ಪಾಡಿಗೆ ನೀನು, ನನ್ನ ಪಾಡಿಗೆ ನಾನು" ಎಂದ. ನಾನೂ ಕಡಿಮೆಯವನೇ? "ಹಾಕಿಸು, ಅಳತೆ ನಾನೇ ಕೊಡ್ತೀನಿ" ಎಂದೆ.

ಬಡಗಿ ಬಂದ, ಅಡುಗೆಮನೆಯ ನಟ್ಟನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಅಲ್ಲಿಂದ ಒಂದೂವರೆ ವರ್ಷ ನಾನೂ ಅಣ್ಣನೂ ಮಾತಾಡಲಿಲ್ಲ. ಬೀದಿಯಲ್ಲಿ ಎದುರಾದರೆ ಅವನು ಮನೆಗಳ ಮಹಡಿ ನೋಡುತ್ತಿದ್ದ, ನಾನು ಚರಂಡಿ ನೋಡುತ್ತಿದ್ದೆ. ಗಂಡಂದಿರು ಮಾತು ಬಿಟ್ಟ ಮೇಲೆ ತಾವು ಆಡಿದರೆ ಮರ್ಯಾದೆಯಲ್ಲವೆಂದು ಹೆಂಗಸರೂ ಬಿಟ್ಟರು. ಇತ್ತ ನಮ್ಮ ಪಾಲಿನ ಅರ್ಧ ಅಡುಗೆಮನೆ ಎಷ್ಟು ಇಕ್ಕಟ್ಟಾಯಿತೆಂದರೆ, ನನ್ನ ಹೆಂಡತಿ ಒಲೆಯಿಂದ ಸಿಂಕಿನ ಕಡೆಗೆ ತಿರುಗಬೇಕಾದರೆ ಒಮ್ಮೆ ಹಾಲಿಗೆ ಬಂದು ತಿರುಗಿಕೊಂಡು ಹೋಗಬೇಕಿತ್ತು. ಡಬ್ಬಿಗಳು ಕಿಟಕಿಯಲ್ಲಿ, ನೀರಿನ ಪಾತ್ರೆಯ ಮೇಲೆ, ಕೊನೆಗೆ ನನ್ನ ಬರೆಯುವ ಮೇಜಿನ ಮೇಲೂ ಬಂದು ಕುಳಿತವು. ಒಮ್ಮೆ ನಾನು ಒಂದು ಬ್ಯಾಂಕಿನ ಮುಂಬಾಗಿಲಿನ ನಕ್ಷೆಯನ್ನು ಅರಿಸಿನದ ಹಳದಿಯೊಂದಿಗೆ ಕಚೇರಿಗೆ ಒಪ್ಪಿಸಿದ್ದೂ ಉಂಟು.

ಹೀಗೆ ತಾವು ನನ್ನ ತಲೆಗೆ ಹೊಳೆದಿರಿ. ಗೋಡೆಯಲ್ಲೇ ಒಂದು ಗೂಡು ಕೊರೆದು, ಅದರೊಳಗೆ ದುಂಡನೆಯ ಕಪಾಟು ನಿಲ್ಲಿಸಿ, ತಿರುಗುಬಾಗಿಲಿನಂತೆ ಅದಕ್ಕೆ ನಾಲ್ಕು ಅಂಕಣ ಮಾಡುವುದು. ಎರಡು ನಮಗೆ, ಎರಡು ಅವರಿಗೆ. ಯಾವಾಗ ನೋಡಿದರೂ ಒಂದು ಅಂಕಣ ನಮ್ಮ ಕಡೆ, ಒಂದು ಅಂಕಣ ಅವರ ಕಡೆ ಮುಖ ಮಾಡಿರುತ್ತದೆ. ಉಳಿದೆರಡು ಗೋಡೆಯ ಮರೆಯಲ್ಲಿ ಅಡಗಿರುತ್ತವೆ. ಜಾಗ ಉಳಿಯುತ್ತದೆ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ. ನಕ್ಷೆ ಮುಗಿಸಿದ ದಿನ ನನಗೆ ನಾನೇ ಕೈಕುಲುಕಿಕೊಳ್ಳುವುದೊಂದು ಬಾಕಿ.

ಅಣ್ಣನ ಒಪ್ಪಿಗೆ ಕೇಳಲು ಬಡಗಿಯನ್ನೇ ರಾಯಭಾರಿಯಾಗಿ ಕಳಿಸಿದೆ. ಅವನು ಗೋಡೆಯನ್ನು ತಟ್ಟಿ ನೋಡಿ, "ಹಾಕಿದೋನೂ ನಾನೇ, ತೂತು ಮಾಡೋನೂ ನಾನೇನಾ? ಸುಮ್ನೆ ಮಾತಾಡ್ಕೊಂಡ್ಬಿಟ್ರೆ ಆಗಲ್ವಾ ಸ್ವಾಮಿ, ಅದಕ್ಕೆ ಮರ ಬೇಕಾಗಲ್ಲ" ಎಂದ. ನಾನು ಅವನಿಗೆ ಬೇರಿಂಗಿನ ಮಹತ್ವ ವಿವರಿಸಿದೆ. ಅವನು ಹೋಗಿ ಬಂದು, "ಯಜಮಾನರು ಪೇಪರ್ ಓದ್ತಾ ಇದ್ರು. ಅಮ್ಮಾವ್ರು, ಜಾಗ ಉಳಿಯೋದಾದ್ರೆ ಮಾಡಿ ಅಂದ್ರು" ಎಂದು ವರದಿ ಒಪ್ಪಿಸಿದ. ಹೀಗೆ ತಾವು ಪ್ರತಿಷ್ಠಾಪಿತರಾದಿರಿ.

ಮಾನ್ಯರೇ, ಇಲ್ಲಿ ನನ್ನ ಪಾಂಡಿತ್ಯದ ಕುರಿತು ಒಂದು ಮಾತು ಹೇಳಲೇಬೇಕು. ಜೀವಮಾನವೆಲ್ಲ ತಿರುಗುವ ವಸ್ತುಗಳನ್ನೇ ಬರೆದುಕೊಂಡು ಬಂದ ನನಗೆ, ಒಂದು ವಸ್ತು ಈ ಕಡೆ ತಿರುಗಿದಾಗ ಅದೇ ವಸ್ತು ಆ ಕಡೆಯೂ ತಿರುಗುತ್ತದೆ ಎಂಬ ಸಂಗತಿ ಹೊಳೆದಿರಲಿಲ್ಲ. ಮೊದಲ ಬೆಳಿಗ್ಗೆಯೇ ಹೊಳೆಯಿಸಲಾಯಿತು. ನನ್ನ ಹೆಂಡತಿ ಜೀರಿಗೆಗಾಗಿ ತಮ್ಮನ್ನು ತಿರುಗಿಸಿದಳು. ಆ ಕಡೆ ಕೊತ್ತಂಬರಿ ಬೀಜಕ್ಕೆ ಕೈಹಾಕಿದ್ದ ಅತ್ತಿಗೆಯ ಕೈಗೆ ಮೆಂತ್ಯ ಸಿಕ್ಕಿತು. ಅತ್ತಿಗೆ ಹಿಂದಕ್ಕೆ ತಿರುಗಿಸಿದರು. ಇತ್ತ ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುತ್ತಿರಲು ಜೀರಿಗೆ ಗೋಡೆಯೊಳಗೆ ಮಾಯವಾಯಿತು. ಒಂದೂವರೆ ವರ್ಷ ಮಾತಿಲ್ಲದ ಇಬ್ಬರು ಹೆಂಗಸರು ಹಲ್ಲು ಕಚ್ಚಿಕೊಂಡು ಒಬ್ಬರಿಗೊಬ್ಬರು ಕಾಣದೆ ಒಂದೇ ಕಂಬವನ್ನು ಎರಡು ದಿಕ್ಕಿಗೆ ಎಳೆಯುತ್ತಿದ್ದರೆ, ನಾನು ಕೈಯಲ್ಲಿ ಎಣ್ಣೆಬುಡ್ಡಿ ಹಿಡಿದು, "ಮೆಲ್ಲಗೆ, ಮೆಲ್ಲಗೆ, ಬೇರಿಂಗು ಹೊಸದು" ಎಂದು ಹಾರಾಡುತ್ತಿದ್ದೆ. ನನ್ನ ಹೆಂಡತಿ ಆಗ ತಮ್ಮ ಬಗ್ಗೆಯೂ ನನ್ನ ಬಗ್ಗೆಯೂ ಆಡಿದ ಮಾತುಗಳನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಇಲ್ಲಿ ಕೈಬಿಟ್ಟಿದ್ದೇನೆ.

ಈ ಯುದ್ಧ ದಿನವೂ ನಡೆಯಿತು. ಒಂದು ಭಾನುವಾರ ಹೀಗೆಯೇ ಎಳೆದಾಟ ಬಿರುಸಾಗಿರುವಾಗ ಒಳಮನೆಯಿಂದ ಅಣ್ಣ ಏನೋ ಕೂಗಿದ. ಅತ್ತಿಗೆ ತಟ್ಟನೆ ಕೈಬಿಟ್ಟು ಓಡಿದರು. ನನ್ನ ಹೆಂಡತಿ ಎಳೆದ ರಭಸಕ್ಕೆ ತಾವು ಗಿರ್ರನೆ ಸುತ್ತಿ ತಪ್ಪಾದ ಕಡೆಗೆ ನಿಂತಿರಿ. ಅಣ್ಣನ ಮನೆಯ ಅಂಕಣವೊಂದು ಪೂರ್ತಿಯಾಗಿ ನಮ್ಮ ಕಣ್ಣೆದುರು ತೆರೆದುಕೊಂಡಿತು. ಕಾಣಬಾರದ್ದನ್ನು ಕಂಡವನಂತೆ ನಾನು ಮುಖ ತಿರುಗಿಸಿದೆ. ನನ್ನ ಹೆಂಡತಿ ಮಾತ್ರ ತಿರುಗಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಮೆಲ್ಲನೆ, "ರೀ, ಭಾವನವರಿಗೆ ಮೈ ಸರಿಯಿಲ್ಲ" ಎಂದಳು.

"ಯಾರು ಹೇಳಿದ್ರು?"

"ನೋಡಿ ಇಲ್ಲಿ. ಮೆಣಸಿನಪುಡಿ ಡಬ್ಬಿ, ಕಾಳುಮೆಣಸು, ಸಾಸಿವೆ, ಲವಂಗ, ಎಲ್ಲಾ ತೊಳೆದು ಬೋರಲು ಹಾಕಿದ್ದಾರೆ."

"ತೊಳೆದಿರ್ತಾರೆ, ಒಣಗಲಿ ಅಂತ ಇಟ್ಟಿರ್ತಾರೆ."

"ಒಣಗೋಕೆ ಇಟ್ಟಿದ್ದು ಇಷ್ಟು ಹೊತ್ತಿಗೆ ತುಂಬಿರಬೇಕಿತ್ತು. ಇವುಗಳ ಮೇಲೆ ಧೂಳು ಕೂತಿದೆ."

ಅಣ್ಣನೆಂದರೆ ಊಟದ ಜೊತೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನುವವನು. ಅವನ ಸಿಟ್ಟಿಗೂ ಅದೇ ಮೂಲವೆಂದು ನಾವು ನಗುತ್ತಿದ್ದೆವು. ಅಂಥವನ ಮನೆಯಲ್ಲಿ ಮೆಣಸಿನಪುಡಿಯ ಡಬ್ಬಿ ಬೋರಲು ಬಿದ್ದಿದೆ ಎಂದರೆ ಒಡಹುಟ್ಟಿದವನಿಗೆ ಎದೆ ಧಸಕ್ಕೆನ್ನಬೇಕಿತ್ತು. ನಾನು ಹೇಳಿದ್ದೇನೆಂದು ಬಲ್ಲಿರಾ? ತಾವು ಅಲ್ಲೇ ಇದ್ದಿರಿ, ಕೇಳಿರುತ್ತೀರಿ. "ಧೂಳಾ? ಹಾಗಾದ್ರೆ ಅಂಚಿಗೆ ರಬ್ಬರ್ ಪಟ್ಟಿ ಹಾಕಬೇಕು" ಎಂದೆ.

ನನ್ನ ಹೆಂಡತಿ ನನ್ನನ್ನು ನೋಡಿದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಹಲವು ಬಗೆಯಲ್ಲಿ ನೋಡಿದ್ದಾಳೆ, ಅವುಗಳಲ್ಲಿ ಹೆಚ್ಚಿನವನ್ನು ನಾನು ಪ್ರಶಂಸೆಯೆಂದೇ ತಿಳಿದಿದ್ದೇನೆ. ಇದೊಂದನ್ನು ಹಾಗೆ ತಿಳಿಯಲು ನನ್ನಿಂದಲೂ ಆಗಲಿಲ್ಲ. ಅಷ್ಟರಲ್ಲಿ ಆ ಕಡೆ ಬಳೆಯ ಸದ್ದಾಯಿತು. ಅವಳು ತಮ್ಮ ಕಡೆಗೆ ತಿರುಗಿ, ತಮ್ಮ ನಡುಗಂಬಕ್ಕೆ ಬಾಯಿ ಹಚ್ಚಿದಂತೆ ನಿಂತು, "ಅಕ್ಕಾ" ಎಂದಳು.

ಬಳೆಯ ಸದ್ದು ನಿಂತಿತು.

"ಅಕ್ಕಾ, ಮೆಣಸಿನಪುಡಿ ಖಾಲಿಯಾಗಿದ್ರೆ ನಮ್ಮದ್ರಲ್ಲಿ ತಗೊಳ್ಳಿ."

ಆಮೇಲೆ ಅತ್ತಿಗೆಯ ಧ್ವನಿ ಬಂತು. "ಖಾಲಿಯಾಗಿಲ್ಲ ಕಣೇ. ಚೆಲ್ಲಿಬಿಟ್ಟೆ."

"ಯಾಕೆ?"

"ಬೇಡ ಅಂದಿದ್ದಾರೆ."

"ಯಾರು, ಭಾವನವರಾ?"

"ಡಾಕ್ಟ್ರು."

ಆಮೇಲೆ ಅವರು ಅಳುವುದು ಕೇಳಿಸಿತು. "ಯಾರಿಗೂ ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡಿದ್ದಾರೆ. ನಿಂಗೂ ಹೇಳ್ತಿಲ್ಲ ನಾನು. ಈ ಕಪಾಟಿಗೆ ಹೇಳ್ಕೋತಿದೀನಿ, ಅಷ್ಟೇ."

ಹೀಗೆ ತಾವು ಆ ದಿನ, ಯಾವ ಮನುಷ್ಯನಿಗೂ ಹೇಳದ ಮಾತನ್ನು ಕೇಳಿಸಿಕೊಂಡಿರಿ. ಅಣ್ಣನ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಶಾಲೆಯಲ್ಲಿ ಪಾಠದ ನಡುವೆ ಒಮ್ಮೆ ರಕ್ತ ವಾಂತಿಯಾಗಿ ಕುರ್ಚಿಯ ಮೇಲೆ ಕುಸಿದಿದ್ದ. ಪಥ್ಯ, ಮಾತ್ರೆ ಎಲ್ಲ ಆದರೂ ಕಡಿಮೆಯಾಗದೆ, ಶಸ್ತ್ರಚಿಕಿತ್ಸೆ ಮಾಡಲೇಬೇಕೆಂದು ಡಾಕ್ಟರು ಹೇಳಿದ್ದರು. ಇವನು ಮುಂದೂಡುತ್ತ ಬಂದಿದ್ದ. ಏಕೆಂದು ಅತ್ತಿಗೆ ಕೇಳಿದ್ದಕ್ಕೆ, "ಆಸ್ಪತ್ರೆಯಲ್ಲಿ ಜೊತೆಗೆ ಯಾರಿರ್ತಾರೆ ಅಂತ ಕೇಳ್ತಾರೆ. ಯಾರ ಹೆಸರು ಹೇಳಲಿ?" ಎಂದನಂತೆ.

ಆ ಮಾತು ಗೋಡೆಯ ಈ ಕಡೆ ತಲುಪಿದಾಗ ನಾನು ಎಣ್ಣೆಬುಡ್ಡಿಯನ್ನು ಕೆಳಗಿಟ್ಟೆ.

ಮುಂದಿನದನ್ನು ತಾವು ಅವಮಾನವೆಂದು ಭಾವಿಸಿದ್ದರೆ ಕ್ಷಮೆಯಿರಲಿ. ಹೆಂಗಸರಿಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿತ್ತು. ತಾವು ನಡುವೆ ಗಟ್ಟಿಯಾಗಿ ನಿಂತಿದ್ದಿರಿ. ಹಾಲಿನಿಂದ ಹೊರಗೆ ಬಂದು ಅವರ ಬಾಗಿಲಿಗೆ ಹೋದರಾಯಿತು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ತೋಚಲಿಲ್ಲ. "ಇದನ್ನ ಎತ್ತೇ ಆ ಕಡೆಯಿಂದ" ಎಂದರು ಅತ್ತಿಗೆ. "ಎತ್ತಿ ಅಕ್ಕಾ" ಎಂದಳು ಇವಳು. ಅಷ್ಟು ದಿನ ಎರಡು ದಿಕ್ಕಿಗೆ ಎಳೆದಾಡಿದ ನಾಲ್ಕು ಕೈಗಳು ಮೊದಲ ಸಲ ಒಂದೇ ದಿಕ್ಕಿಗೆ ಬಲ ಹಾಕಿದವು. "ಅಯ್ಯೋ, ಬೇರಿಂಗು!" ಎಂದು ನಾನು ಕೂಗಿದೆ. ಕೂಗಿದ್ದು ಸರಿಯಾಗಿಯೇ ಇತ್ತು. ತಮ್ಮ ತಳದ ಬಟ್ಟಲು ಕಳಚಿ, ಉಕ್ಕಿನ ಗೋಲಿಗಳೆಲ್ಲ ಟಣಟಣನೆ ಉದುರಿ, ಎರಡೂ ಅಡುಗೆಮನೆಗಳ ನೆಲದಲ್ಲಿ ಉರುಳಿ ಹೋದವು. ತೂತಿನ ಮೂಲಕ ಅವರಿಬ್ಬರೂ ಕೈ ಹಿಡಿದುಕೊಂಡು ಅಳುತ್ತಿದ್ದರೆ, ನಾನು ಮಂಡಿಯೂರಿ ಒಲೆಯ ಕೆಳಗೆ, ಸಿಂಕಿನ ಕೆಳಗೆ ಗೋಲಿ ಹುಡುಕತೊಡಗಿದೆ. ಮನುಷ್ಯನಿಗೆ ಏನು ಮಾಡಬೇಕೆಂದು ತಿಳಿಯದಾಗ ಹೆಕ್ಕಲು ಏನಾದರೂ ಸಿಕ್ಕಿದರೆ ಅದೇ ದೊಡ್ಡ ಉಪಕಾರ.

ಪ್ಲೈವುಡ್ಡಿನ ಗೋಡೆಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದಿತ್ತು. ನಾನು ಕೊಟ್ಟ ಅಳತೆಯಲ್ಲಿನ ತಪ್ಪು ಅದು. ಕೆನ್ನೆಯನ್ನು ನೆಲಕ್ಕೊತ್ತಿ ಸಂದಿಯಲ್ಲಿ ಇಣುಕಿದೆ. ಆ ಕಡೆಯಿಂದ ಒಂದು ಗೋಲಿ ಉರುಳುತ್ತ ಬಂತು. ಅದರ ಹಿಂದೆ ಇನ್ನೊಂದು. ಅವುಗಳನ್ನು ತಳ್ಳುತ್ತಿದ್ದ ಬೆರಳಿಗೆ ಕೆಂಪು ಶಾಯಿಯ ಕಲೆಯಿತ್ತು. ಹೆಡ್‌ಮಾಸ್ಟರು ನೆಲದ ಮೇಲೆ ಕುಳಿತು ಗೋಲಿ ಹೆಕ್ಕುತ್ತಿದ್ದ.

"ನೀನು ಬಗ್ಗಬೇಡ, ಏಳು" ಎಂದೆ. ಒಂದೂವರೆ ವರ್ಷದ ಮೇಲೆ ನಾನು ಅವನಿಗೆ ಹೇಳಿದ ಮೊದಲ ಮಾತು.

"ನಿಂಗೆ ನೆಟ್ಟಗೆ ಒಂದು ವಸ್ತು ಮಾಡೋಕೆ ಬಂದಿದ್ರೆ ನಾನ್ಯಾಕೆ ಬಗ್ಗಬೇಕಿತ್ತು?" ಎಂದ ಅಣ್ಣ. ಇನ್ನೊಂದು ಗೋಲಿ ಬಂತು. "ಎಷ್ಟು ಬೇಕು ಒಟ್ಟು?"

"ಎಣಿಸಿಲ್ಲ."

"ಎಣಿಸ್ದೇ ಹಾಕಿದ್ಯಾ?" ಎಂದ. ಮಕ್ಕಳ ಉತ್ತರಪತ್ರಿಕೆ ನೋಡಿದಾಗ ಬರುವ ಧ್ವನಿ ಅದು. ಆಮೇಲೆ ಧ್ವನಿ ಸಣ್ಣದಾಯಿತು. "ಆಸ್ಪತ್ರೆಗೆ ಬರ್ತೀಯಾ?"

ಹೂಂ ಎನ್ನುವ ಬದಲು ನಾನು ಕೈಯಲ್ಲಿದ್ದ ಗೋಲಿಯೊಂದನ್ನು ಸಂದಿಯಲ್ಲಿ ಅವನ ಕಡೆಗೆ ಉರುಳಿಸಿದೆ.

ಮಾನ್ಯರೇ, ಆಸ್ಪತ್ರೆಗೆ ತಾವು ಬಂದಿರಲಿಲ್ಲವಾದ್ದರಿಂದ ಅಲ್ಲಿನ ವಿಚಾರವನ್ನೂ ತಿಳಿಸುತ್ತೇನೆ. ಮುಂಬಾಗಿಲಿಗೆ ಗಾಜಿನ ತಿರುಗುಬಾಗಿಲಿತ್ತು. ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಾನು ಅದರೊಳಗೆ ತಳ್ಳಿದೆ. ಕುರ್ಚಿ ಅರ್ಧ ಹೋಗಿ ಸಿಕ್ಕಿಕೊಂಡಿತು, ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಕಾವಲುಗಾರ ಓಡಿಬಂದು, "ಪಕ್ಕದ ಬಾಗಿಲಲ್ಲಿ ಬರ್ಬೇಕು ಸಾರ್, ಇದನ್ನ ಯಾವನು ಮಾಡಿದ್ನೋ" ಎಂದು ಗೊಣಗುತ್ತ ಬಿಡಿಸಿದ. ಅಣ್ಣ ಕತ್ತೆತ್ತಿ ನನ್ನ ಮುಖ ನೋಡಿದ. "ಇದೂ ನಿಂದೇನಾ?" ನಾನು ಹೌದೆಂದು ತಲೆಯಾಡಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು, ನೋವಿಗೆ ಮುಖ ಕಿವುಚುತ್ತ, ಪಕ್ಕದ ಬಾಗಿಲು ತಲುಪುವವರೆಗೂ ನಕ್ಕ. ಒಳಗೆ ಜೊತೆಗೆ ಯಾರಿರುತ್ತಾರೆಂದು ಕೇಳಿದರು. ಅವನು ಹೆಬ್ಬೆರಳಿನಿಂದ ಬೆನ್ನ ಹಿಂದೆ ನಿಂತಿದ್ದ ನನ್ನನ್ನು ತೋರಿಸಿದ.

ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಅಷ್ಟು ಹೊತ್ತಿನಲ್ಲಿ ಯಾವ ವಸ್ತುವನ್ನೂ ತಿರುಗಿಸಬೇಕೆಂದು ನನಗೆ ಅನಿಸಲಿಲ್ಲ ಎಂಬುದನ್ನು ತಾವು ನಂಬಬೇಕು. ಡಾಕ್ಟರು ಹೊರಬಂದು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅತ್ತಿಗೆ ನನ್ನ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟರು. ನಾನು ಕಾರಿಡಾರಿನ ಕೊನೆಯವರೆಗೂ ನಡೆದುಹೋಗಿ, ಗೋಡೆಗೆ ಮುಖ ಮಾಡಿ ನಿಂತು ಬಂದೆ.

ಇಲ್ಲಿಯವರೆಗೆ ಪೀಠಿಕೆಯಾಯಿತು. ಈಗ ದೂರಿಗೆ ಬರುತ್ತೇನೆ.

ಅಣ್ಣ ಮನೆಗೆ ಬಂದ ಮೇಲೆ ಹೆಂಗಸರಿಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಶುರು ಮಾಡಿದರು. ಅವನಿಗೆ ಖಾರ ವರ್ಜ್ಯ, ಹುಳಿ ವರ್ಜ್ಯ, ಒಗ್ಗರಣೆ ವರ್ಜ್ಯ. "ಇವರಿಗೊಂದು ಸಪ್ಪೆ, ನಿಂಗೊಂದು ಖಾರ ಅಂತ ಎರಡೆರಡು ಅಡುಗೆ ಮಾಡ್ತಾ ಕೂರೋಕೆ ನಮಗೇನು ಬೇರೆ ಕೆಲಸ ಇಲ್ವಾ?" ಎಂದು ಅತ್ತಿಗೆ ಕೇಳಿದರು, ನನ್ನ ಹೆಂಡತಿ ಹೌದೆಂದಳು. ಹಿಂದೆ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತಿದ್ದುದರಿಂದ ನನಗೆ ನಡುವೆ ನುಸುಳಲು ದಾರಿಯಿರುತ್ತಿತ್ತು. ಈಗ ಇಬ್ಬರೂ ಸೇರಿ ನನ್ನನ್ನು ಬೈಯುವಾಗ ನಡುವೆ ಪ್ಲೈವುಡ್ಡಿನಷ್ಟೂ ಸಂದಿಲ್ಲ. ಕಲ್ಲು ತಿಂದರೂ ಅರಗಿಸಿಕೊಳ್ಳಬಲ್ಲ ಹೊಟ್ಟೆಯುಳ್ಳ ನಾನು ಈಗ ಮೂರು ಹೊತ್ತೂ ಬಿಳಿಯ ಅನ್ನ, ಬಿಳಿಯ ಮೊಸರು, ಬಣ್ಣಗೆಟ್ಟ ಬೇಯಿಸಿದ ತರಕಾರಿ ತಿನ್ನುತ್ತಿದ್ದೇನೆ. ಮಸಾಲೆಗೆ ಜಾಗ ಮಾಡಿಕೊಡಲೆಂದು ತಮ್ಮನ್ನು ಹುಟ್ಟಿಸಿದೆ. ತಾವು ಮನೆಯಿಂದ ಮಸಾಲೆಯನ್ನೇ ಓಡಿಸಿ ಜಾಗ ಮಾಡಿಕೊಟ್ಟಿರಿ. ಜಾಗ ಉಳಿಸುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಅದಕ್ಕಾಗಿ ತಮಗೆ ಒಂದು ಪ್ರಶಸ್ತಿಪತ್ರ ಕೊಡಬೇಕೆಂದು ನಾನು ಶಿಫಾರಸು ಮಾಡಲು ಸಿದ್ಧನಿದ್ದೇನೆ. ಆದರೆ ಅದರ ಜೊತೆಗೆ ಹುರಿದ ಮೆಣಸಿನಕಾಯಿ ಒಂದನ್ನು, ಒಂದೇ ಒಂದನ್ನು, ನನ್ನ ತಟ್ಟೆಗೆ ಮಂಜೂರು ಮಾಡಿಸಿಕೊಡಬೇಕೆಂದು ಕೋರುತ್ತೇನೆ.

ಇನ್ನು ತಮ್ಮ ಬಡ್ತಿಯ ವಿಚಾರ. ಹೆಕ್ಕಿದ ಗೋಲಿಗಳನ್ನು ಮತ್ತೆ ತುಂಬಿಸಿಕೊಂಡು ತಾವೀಗ ಅಣ್ಣನ ಮಂಚದ ಪಕ್ಕದಲ್ಲಿ ಮಾತ್ರೆ, ಕನ್ನಡಕ, ನೀರಿನ ಲೋಟ, ವೃತ್ತಪತ್ರಿಕೆಗಳನ್ನು ಹೊತ್ತು ಮೆರೆಯುತ್ತಿದ್ದೀರಿ. ಅವನು ಮಲಗಿದಲ್ಲಿಂದಲೇ ಒಂದು ಬೆರಳಿನಿಂದ ತಮ್ಮನ್ನು ದಿನವಿಡೀ ತಿರುಗಿಸುತ್ತಾನೆ. ಬೇಕಾಗಿ ಸ್ವಲ್ಪ, ಬೇಡವಾಗಿ ಹೆಚ್ಚು. ನಾನು ಎದುರಿಗೆ ಕುಳಿತಾಗ, "ಕಿರ್ ಅನ್ನತ್ತೆ ನೋಡು" ಎಂದು ಬೇಕೆಂದೇ ಇನ್ನೊಂದು ಸುತ್ತು ತಿರುಗಿಸುತ್ತಾನೆ. ನೋಡಲು ಬಂದವರಿಗೆಲ್ಲ "ನನ್ನ ತಮ್ಮ ಮಾಡಿದ್ದು" ಎನ್ನುತ್ತಾನೆ. ಅದು ಹೊಗಳಿಕೆಯೋ, ಎಚ್ಚರಿಕೆಯೋ ಬಂದವರಿಗೆ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ತಾವು ಎಡಕ್ಕೂ ತಿರುಗಬಲ್ಲಿರಿ, ಬಲಕ್ಕೂ ತಿರುಗಬಲ್ಲಿರಿ. ಸಾಧ್ಯವಾದರೆ ಒಮ್ಮೆ ಹಿಂದಕ್ಕೂ ತಿರುಗಿ, ನಾನು ಚರಂಡಿ ನೋಡುತ್ತ, ಅವನು ಮಹಡಿ ನೋಡುತ್ತ ಕಳೆದ ಆ ಕಾಲವನ್ನು ಗೋಡೆಯ ಮರೆಯಿಂದ ಈಚೆಗೆ ತಂದು ನಿಲ್ಲಿಸಿಕೊಡಬೇಕು. ಆಗುವುದಿಲ್ಲವೆಂದು ಬಲ್ಲೆ. ನಕ್ಷೆ ಬರೆದವನು ನಾನೇ ತಾನೇ. ಅಂಥ ಅಂಕಣವನ್ನು ನಾನು ಅದರಲ್ಲಿ ಇಟ್ಟಿಲ್ಲ.

ಸಪ್ಪೆ ಊಟದಿಂದ ಕೃಶನಾದರೂ ವಿಶ್ವಾಸದಲ್ಲಿ ಕೃಶನಾಗದ,
ತಮ್ಮ ವಿಶ್ವಾಸಿ ಹಾಗೂ ತಮ್ಮ ಏಕೈಕ ಅಪರಾಧಿ,
ನಕ್ಷೆಗಾರ

ತಾ.ಕ.: ನಿನ್ನೆ ಬಡಗಿ ಬಂದು ಗೋಡೆಯನ್ನು ಬಿಚ್ಚಿದ. ಹಲಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, "ಇವನ್ನ ಒಲೆಗೆ ಹಾಕ್ಬೇಡಿ, ನಿಮ್ಮಂಥೋರಿಗೆ ಮತ್ತೆ ಬೇಕಾಗತ್ತೆ" ಎಂದ. ಅಣ್ಣ ಹಾಸಿಗೆಯಲ್ಲಿ ಎದ್ದು ಕುಳಿತು, "ಬೇಡ, ನಾಲ್ಕು ಜನಕ್ಕೂ ಸಾಕಾಗೋ ಹಾಗೆ ಒಂದು ಊಟದ ಮೇಜು ಮಾಡಿಬಿಡು" ಎಂದ. ನಾನು ಪೆನ್ಸಿಲ್ ತರಲು ಎದ್ದೆ, ಅಷ್ಟೇ, ಬಾಯಿ ತೆರೆದಿರಲಿಲ್ಲ. ಅಡುಗೆಮನೆಯಿಂದ ಎರಡು ಧ್ವನಿಗಳು ಒಟ್ಟಿಗೆ ಬಂದವು: "ತಿರುಗಬಾರದು!"